ಒಂದು ವಂಶದ ಬೆನ್ನುಹತ್ತಿ

ಲಾಂಗ್‌ಫೆಲೊ ಕವಿಯ ‘ಇವ್ಯಾಂಜಲಿನ್’ ಕಾವ್ಯವನ್ನು ನಮ್ಮಲ್ಲಿ ಹಳೆಯ ತಲೆಮಾರಿನ ಕೆಲವರಾದರೂ ಓದಿರಬಹುದು. ೧೮೪೭ರಲ್ಲಿ ಪ್ರಕಟವಾದ ಕಾವ್ಯ ಅದು. ಮದುವೆಯ ಒಪ್ಪಂದಪತ್ರಕ್ಕೆ ರುಜು ಬಿದ್ದ ಮರುದಿನವೇ ರಾಜಾಜ್ಞೆಯಿಂದ ಅಗಲಿಹೋದ ಇಬ್ಬರು ಪ್ರೇಮಿಗಳ ಕಥೆ. ಆ ಪತ್ರವನ್ನು ಬರೆಯುವುದಕ್ಕೆಂದು ಅಲ್ಲಿ ಒಬ್ಬ ಮುದುಕ ನೋಟರಿ ಬರುತ್ತಾನೆ. ಅವನ ಹೆಸರು ರೆನೆ ಲೆಬ್ಲಾಂ. ಬೆನ್ನು ಬಾಗಿದ, ಆದರೆ ಮನಸ್ಸು ಬಾಗದ ಮನುಷ್ಯ. ಇಪ್ಪತ್ತು ಮಕ್ಕಳ ತಂದೆ. ನೂರಕ್ಕೂ ಹೆಚ್ಚು ಮೊಮ್ಮಕ್ಕಳನ್ನು ತೊಡೆಯ ಮೇಲೆ ಆಡಿಸಿದವನು. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಈ ಮುದುಕನನ್ನು ಕವಿಯ ಕಲ್ಪನೆಯೆಂದೇ ತಿಳಿದಿದ್ದೆ. ವಿದ್ಯಾರ್ಥಿಗಳಿಗೂ ಹಾಗೆಯೇ ಹೇಳಿದ್ದೆ. ಇಪ್ಪತ್ತು ಮಕ್ಕಳೆಂದರೆ ಕವಿಗಳ ಅತಿಶಯೋಕ್ತಿಯೆಂದು ತರಗತಿಯಲ್ಲಿ ನಕ್ಕದ್ದೂ ಉಂಟು. ಆ ನಗುವಿಗೆ ಪ್ರಾಯಶ್ಚಿತ್ತವೆಂಬಂತೆ ನಿವೃತ್ತಿಯಾದ ಮೇಲೆ ಆ ಮುದುಕನ ಮನೆತನದ ಬೆನ್ನುಹತ್ತಿ ಆರು ತಿಂಗಳು ಕಳೆಯಬೇಕಾಗಿ ಬಂದಿತು.

ನನ್ನ ಮಗ ಕೆನಡಾದ ಪೂರ್ವ ಕರಾವಳಿಯ ಮಾಂಕ್ಟನ್ ನಗರದಲ್ಲಿದ್ದಾನೆ. ಅವನ ಮನೆಯ ಪಕ್ಕದ ಮನೆಯಲ್ಲಿ ಎಂಬತ್ತಾರು ವರ್ಷದ ವೃದ್ಧೆಯೊಬ್ಬರಿದ್ದರು. ಅವರೂ ಲೆಬ್ಲಾಂ. ಆ ಊರಿನಲ್ಲಿ ಅದೇನೂ ವಿಶೇಷವಲ್ಲ. ನಮ್ಮಲ್ಲಿ ಸಂತೆಯ ನಡುವೆ ನಿಂತು ‘ಗೌಡರೇ’ ಎಂದು ಕೂಗಿದರೆ ಎಷ್ಟು ಜನ ತಿರುಗಿ ನೋಡುತ್ತಾರೋ, ಅಲ್ಲಿ ‘ಲೆಬ್ಲಾಂ’ ಎಂದರೂ ಅಷ್ಟೇ ಜನ ತಿರುಗಿ ನೋಡುತ್ತಾರೆ. ಫ್ರೆಂಚಿನಲ್ಲಿ ಆ ಶಬ್ದಕ್ಕೆ ‘ಬಿಳಿಯ’ ಎಂದರ್ಥ. ಮದಾಂ—ನಾನು ಅವರನ್ನು ಹಾಗೆಂದೇ ಕರೆಯುತ್ತಿದ್ದೆ—ಒಂದು ಸಂಜೆ ಚಹಕ್ಕೆ ಕರೆದರು. ಅವರ ನಡುಮನೆಯ ಗೋಡೆಯ ಮೇಲೆ ಹಳೆಯ ಮುದ್ರಿತ ಚಿತ್ರವೊಂದು ತೂಗುತ್ತಿತ್ತು: ಮೇಜಿನ ಮುಂದೆ ಕುಳಿತ ಮುದುಕ, ಕೈಯಲ್ಲಿ ಗರಿಯ ಲೇಖನಿ, ಎದುರಿಗೆ ನಾಚಿ ನಿಂತ ಹುಡುಗಿ. “ಇವ್ಯಾಂಜಲಿನಳ ನೋಟರಿಯಲ್ಲವೆ?” ಎಂದೆ. ಆಕೆಯ ಮುಖ ಅರಳಿತು. “ಹೌದು, ಆದರೆ ನಮಗೆ ಅವನು ಇವ್ಯಾಂಜಲಿನಳ ನೋಟರಿಯಲ್ಲ, ನಮ್ಮ ಅಜ್ಜನ ಅಜ್ಜನ ಅಜ್ಜ” ಎಂದರು. ಹಾಗೆಂದು ಅವರ ತಂದೆ ಹೇಳಿದ್ದರು. ತಂದೆಗೆ ಅವರ ತಂದೆ ಹೇಳಿದ್ದರು. ದೇಶಭ್ರಷ್ಟತೆಯಿಂದ ಮರಳಿ ಬಂದು ಈ ಸೀಮೆಯಲ್ಲಿ ಮದುವೆಯಾಗಿ ನೆಲೆನಿಂತ ಅವರ ಮೂಲಪುರುಷ ನೋಟರಿಯ ಮೊಮ್ಮಗನಂತೆ. ಕಾಗದಪತ್ರ ಮಾತ್ರ ಯಾವುದೂ ಇಲ್ಲ. “ನೀವು ಓದಿದವರು, ನಿಮಗೆ ಬಿಡುವೂ ಇದೆ. ನಾನು ಕಣ್ಣು ಮುಚ್ಚುವ ಮೊದಲು ಇದೊಂದನ್ನು ಕಾಗದದ ಮೇಲೆ ನೋಡಿ ಕೊಡುತ್ತೀರಾ?” ಎಂದು ಕೇಳಿದರು. ಚಳಿಗಾಲ, ಹೊರಗೆ ಮೊಣಕಾಲುದ್ದ ಹಿಮ. ನನಗೆ ನಿಜವಾಗಿಯೂ ಬಿಡುವಿತ್ತು.

ಅಕೇಡಿಯ ಎಂಬುದು ಇಂದು ಯಾವ ನಕ್ಷೆಯಲ್ಲಿಯೂ ರಾಜ್ಯವಾಗಿ ಕಾಣದ ಹೆಸರು. ಈಗಿನ ನೋವಾಸ್ಕೋಷಿಯ ಮತ್ತು ಅದರ ಸುತ್ತಣ ಕರಾವಳಿಗೆ ಫ್ರೆಂಚರು ಇಟ್ಟ ಹೆಸರು ಅದು. ಅಲ್ಲಿ ಅವರಿಗಿಂತ ಬಹುಕಾಲ ಮೊದಲಿನಿಂದ ಮಿಗ್‌ಮಾ ಜನ ಬಾಳಿದ್ದರು. ೧೬೦೪ರಲ್ಲಿ ಫ್ರೆಂಚರ ಮೊದಲ ತಂಡ ಬಂದಿತು. ಮರುವರ್ಷ ಪೋರ್ಟ್ ರಾಯಲ್ ಎಂಬಲ್ಲಿ ಬೀಡುಬಿಟ್ಟಿತು. ೧೬೧೩ರಲ್ಲಿ ವರ್ಜೀನಿಯದಿಂದ ಬಂದ ಇಂಗ್ಲಿಷರು ಆ ಬೀಡನ್ನು ಸುಟ್ಟರು. ಒಕ್ಕಲುಮಕ್ಕಳ ಸಂಸಾರಗಳು ಬೇರುಬಿಟ್ಟದ್ದು ೧೬೩೨ರ ಅನಂತರವೇ. ಮುಂದೆ ನೂರು ವರ್ಷ ಆ ನೆಲ ಎರಡು ಸಾಮ್ರಾಜ್ಯಗಳ ನಡುವೆ ಚೆಂಡಿನಂತೆ ಕೈಯಿಂದ ಕೈಗೆ ಹೋಯಿತು. ೧೭೧೩ರ ಒಪ್ಪಂದದಲ್ಲಿ ಅದು ಬ್ರಿಟಿಷರಿಗೆ ಸೇರಿತು. ೧೭೫೫ರಲ್ಲಿ ಬ್ರಿಟಿಷರು ಅಕೇಡಿಯದ ಫ್ರೆಂಚ್ ಜನರನ್ನು ಹಡಗುಗಳಲ್ಲಿ ತುಂಬಿ ದಿಕ್ಕುದಿಕ್ಕಿಗೆ ಅಟ್ಟಿದರು. ಆ ಕಾರ್ಯವನ್ನು ನಡೆಸಿದ ಸೇನಾನಿಗಳಲ್ಲಿ ಒಬ್ಬನ ಹೆಸರು ರಾಬರ್ಟ್ ಮಾಂಕ್ಟನ್. ಲೆಬ್ಲಾಂಗಳು ಕಿಕ್ಕಿರಿದ ಆ ನಗರಕ್ಕೆ ಇರುವುದು ಅವನದೇ ಹೆಸರು. ಮದಾಂ ಇದನ್ನು ಹೇಳುವಾಗ ನಗುತ್ತಿದ್ದರು. ಆ ನಗುವಿನ ಅರ್ಥ ನನಗೆ ಕೂಡಲೆ ತಿಳಿಯಲಿಲ್ಲ.

ವಂಶವನ್ನು ಅರಸುವವರು ತಮ್ಮಿಂದ ಆರಂಭಿಸಿ ಹಿಂದೆ ಹಿಂದೆ ಹೋಗಬೇಕೆಂಬುದು ಆ ವಿದ್ಯೆಯ ಮೊದಲ ಸೂತ್ರ. ನಾನು ಅದನ್ನು ಮೊದಲ ದಿನವೇ ಮುರಿದೆ. ಅಕೇಡಿಯದ ಲೆಬ್ಲಾಂಗಳೆಲ್ಲ ಒಬ್ಬನೇ ಮೂಲಪುರುಷನ ಸಂತಾನವೆಂದು ಕೇಳಿದಾಗ, ಆ ಒಬ್ಬನನ್ನು ನೋಡಿ ಬರೋಣವೆಂಬ ಆಸೆ ಹುಟ್ಟಿತು. ಅವನ ಹೆಸರು ದಾನಿಯೆಲ್. ಅವನು ಮೊದಲು ಸ್ಪಷ್ಟವಾಗಿ ನಮ್ಮ ಕಣ್ಣಿಗೆ ಬೀಳುವುದು ೧೬೭೧ರ ಜನಗಣತಿಯಲ್ಲಿ.

ಆ ಗಣತಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅಷ್ಟು ಸ್ವಾರಸ್ಯದ ಸರ್ಕಾರಿ ಕಾಗದವನ್ನು ನಾನು ಬೇರೆ ಕಂಡಿಲ್ಲ. ಲೊರಾನ್ ಮೊಲಾನ್ ಎಂಬ ಕ್ರೈಸ್ತ ಸನ್ಯಾಸಿ ಮನೆಯಿಂದ ಮನೆಗೆ ನಡೆದು ಅದನ್ನು ಬರೆದುಕೊಂಡ. ಯಜಮಾನನ ಹೆಸರು, ಕಸುಬು, ವಯಸ್ಸು, ಹೆಂಡತಿಯ ಹೆಸರು, ವಯಸ್ಸು, ಮಕ್ಕಳು, ದನಗಳೆಷ್ಟು, ಕುರಿಗಳೆಷ್ಟು, ಉಳುವ ಭೂಮಿ ಎಷ್ಟು. ಇಡೀ ಅಕೇಡಿಯದಲ್ಲಿ ಅವನಿಗೆ ಸಿಕ್ಕವರು ನಾನೂರಕ್ಕೂ ಕಡಮೆ. ಆದರೆ ಎಲ್ಲರೂ ಅವನನ್ನು ಆದರದಿಂದ ಬರಮಾಡಿಕೊಳ್ಳಲಿಲ್ಲ. ಎತ್ಯೆನ್ ರೊಬಿಶೊ ಎಂಬ ರೈತ ಪಾದ್ರಿಯ ಮುಖವನ್ನೇ ನೋಡಲೊಲ್ಲದೆ ಮನೆಯಿಂದ ಹೊರಟುಹೋದ. ದನ ಭೂಮಿಗಳ ಲೆಕ್ಕ ಕೊಡುವುದಿಲ್ಲವೆಂದು ಹೆಂಡತಿಯ ಬಾಯಲ್ಲಿ ಹೇಳಿಸಿದ. ಪಿಯರ್ ಲಾನೂ ಎಂಬ ಪೀಪಾಯಿ ಮಾಡುವವನು, ತನ್ನ ಆರೋಗ್ಯ ಚೆನ್ನಾಗಿದೆ, ವಯಸ್ಸನ್ನು ಮಾತ್ರ ಹೇಳುವುದಿಲ್ಲವೆಂದು ಉತ್ತರ ಕಳುಹಿಸಿದ. ಪಿಯರ್ ಮೆಲಾನ್ಸೊ ಎಂಬ ದರ್ಜಿಯೂ ಏನನ್ನೂ ಹೇಳಲಿಲ್ಲ. ಇಂಥ ಕೆಲಸಕ್ಕಾಗಿ ಬೀದಿ ಅಲೆಯಲು ನಿನಗೇನು ಹುಚ್ಚೆ ಎಂದು ಅವನ ಹೆಂಡತಿ ಪಾದ್ರಿಯನ್ನೇ ಕೇಳಿದಳು. ಇದನ್ನೆಲ್ಲ ಆ ಪುಣ್ಯಾತ್ಮ ಒಂದಕ್ಷರ ಬಿಡದೆ ಬರೆದಿಟ್ಟಿದ್ದಾನೆ. ಕಾಲೇಜಿನಲ್ಲಿದ್ದಾಗ ನಾನೂ ಒಮ್ಮೆ ಗಣತಿಯ ಕೆಲಸಕ್ಕೆ ಹೋಗಿದ್ದವನು. ಬಾಗಿಲು ಹಾಕಿಸಿಕೊಂಡ ಅನುಭವ ನನಗೂ ಉಂಟು. ಆದರೆ ಅದನ್ನು ನಮೂನೆಯಲ್ಲಿ ತುಂಬುವ ಧೈರ್ಯ ನನಗಿರಲಿಲ್ಲ.

ದಾನಿಯೆಲ್ ಲೆಬ್ಲಾಂ ಹಾಗೆ ತಪ್ಪಿಸಿಕೊಳ್ಳಲಿಲ್ಲ. ರೈತ, ವಯಸ್ಸು ೪೫. ಹೆಂಡತಿ ಫ್ರಾಂಸ್ವಾಜ್ ಗೊದೆ, ೪೮. ಏಳು ಮಕ್ಕಳು, ಮಗಳಿಗೆ ಮದುವೆಯಾಗಿದೆ, ಗಂಡುಮಕ್ಕಳು ಆರು ಜನ—ಜಾಕ್, ಎತ್ಯೆನ್, ರೆನೆ, ಆಂದ್ರೆ, ಆಂತ್ವಾನ್, ಪಿಯರ್, ಹಿರಿಯನಿಗೆ ಇಪ್ಪತ್ತು, ಕಿರಿಯನಿಗೆ ಏಳು. ದನಗಳು ೧೮, ಕುರಿಗಳು ೨೬, ಎರಡು ಕಡೆ ಸೇರಿ ಹತ್ತು ಆರ್ಪಾ ಉಳುವ ಭೂಮಿ. ಆರ್ಪಾ ಎಂದರೆ ಎಕರೆಗಿಂತ ತುಸು ಕಡಮೆ. ಇಷ್ಟೇ. ಇಂದು ಲಕ್ಷಗಟ್ಟಲೆ ಜನರಿಗೆ ಮುತ್ತಜ್ಜನಾದವನ ಚರಿತ್ರೆ ನಾಲ್ಕು ಸಾಲು.

ಹತ್ತು ಆರ್ಪಾ ಎಂದರೆ ಅಲ್ಪವೆಂದು ತೋರಬಹುದು. ಆದರೆ ಆ ಭೂಮಿ ಕಾಡನ್ನು ಕಡಿದು ಮಾಡಿದ್ದಲ್ಲ. ಸಮುದ್ರದ ಬಾಯಿಂದ ಕಿತ್ತುಕೊಂಡದ್ದು. ಫಂಡಿ ಕೊಲ್ಲಿಯ ಉಬ್ಬರವಿಳಿತಗಳು ಲೋಕದಲ್ಲೆಲ್ಲ ಎತ್ತರದವು. ಕೆಲವೆಡೆ ನೀರು ಐವತ್ತು ಅಡಿಯವರೆಗೆ ಏರುತ್ತದೆ. ಹೊಳೆಯ ದಡಗಳುದ್ದಕ್ಕೂ ದಿನಕ್ಕೆ ಎರಡು ಬಾರಿ ಉಪ್ಪುನೀರು ಹೊಕ್ಕು ಹೋಗುವ ಜವುಗುನೆಲ. ಅಕೇಡಿಯದವರು ಅದಕ್ಕೆ ಹುಲ್ಲುಹೆಂಟೆಯ ಒಡ್ಡು ಕಟ್ಟಿದರು. ಒಡ್ಡಿನ ಅಡಿಯಲ್ಲಿ ಮರದ ತೂಬನ್ನು ಹೂಳಿ, ಅದರೊಳಗೆ ತೂಗಾಡುವ ಒಂದು ಕದ ಇಟ್ಟರು. ಇಳಿತದಲ್ಲಿ ಒಳಗಿನ ಮಳೆನೀರು ಕದವನ್ನು ತಳ್ಳಿಕೊಂಡು ಹೊರಗೆ ಹೋಗುತ್ತದೆ. ಉಬ್ಬರದಲ್ಲಿ ಸಮುದ್ರವೇ ಆ ಕದವನ್ನು ಒತ್ತಿ ಮುಚ್ಚುತ್ತದೆ. ಈ ತೂಬಿಗೆ ಅವರು ‘ಅಬ್ವಾತೊ’ ಎನ್ನುತ್ತಾರೆ. ಎರಡು ಮೂರು ವರ್ಷ ಮಳೆ ಬಿದ್ದು ಉಪ್ಪು ತೊಳೆದುಹೋದ ಮೇಲೆ ಗೋಧಿ ಬೆಳೆಯುತ್ತದೆ. ಕುಮಟೆಯ ಕಡೆ ಅಘನಾಶಿನಿಯ ಗಜನಿ ಗದ್ದೆಗಳನ್ನು ನೋಡಿದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಇಂಥ ಒಡ್ಡನ್ನು ಒಬ್ಬನೇ ಕಟ್ಟಲಾರ, ಕಟ್ಟಿ ಕಾಯಲಾರ. ಆರು ಗಂಡುಮಕ್ಕಳು ಆ ಕಾಲಕ್ಕೆ ಏನಾಗಿದ್ದರೆಂಬುದು ಆಗ ನನಗೆ ಹೊಳೆಯಿತು.

ಇನ್ನು ಆ ಹೆಂಡತಿ. ಫ್ರಾಂಸ್ವಾಜ್ ಗೊದೆ ಎಂದೇ ಪಾದ್ರಿ ಬರೆದಿದ್ದಾನೆ, ಫ್ರಾಂಸ್ವಾಜ್ ಲೆಬ್ಲಾಂ ಎಂದಲ್ಲ. ಫ್ರೆಂಚ್ ದಾಖಲೆಗಳಲ್ಲಿ ಹೆಣ್ಣು ಸಾಯುವತನಕ ತವರಿನ ಹೆಸರನ್ನೇ ಹೊತ್ತಿರುತ್ತಾಳೆ. ವಂಶಾನ್ವೇಷಕನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ನಮ್ಮ ಮನೆಯ ವಂಶವೃಕ್ಷವನ್ನು ನನ್ನ ತಂದೆ ಒಂದು ಉದ್ದ ಕಾಗದದ ಮೇಲೆ ಬರೆದಿಟ್ಟಿದ್ದರು, ಒಂಬತ್ತು ತಲೆಮಾರು, ಅದರಲ್ಲಿ ಒಬ್ಬ ಹೆಂಗಸಿನ ಹೆಸರೂ ಇಲ್ಲ. ಅಜ್ಜಿಯಂದಿರಿಲ್ಲದೆ ಹುಟ್ಟಿ ಬೆಳೆದ ವಿಚಿತ್ರ ವಂಶ ನಮ್ಮದು! ಫ್ರಾಂಸ್ವಾಜಳಾದರೋ ತನ್ನ ತಂದೆಯ ಸಮೇತ ಕಾಣಿಸುತ್ತಾಳೆ. ಅದೇ ಗಣತಿಯಲ್ಲಿ ಜಾನ್ ಗೊದೆ ಎಂಬ ರೈತ ಇದ್ದಾನೆ, ವಯಸ್ಸು ೯೬. ಆ ನೆಲದ ಅತ್ಯಂತ ಹಿರಿಯ. ಅವನ ಈಗಿನ ಹೆಂಡತಿಗೆ ೬೪, ಮಗನಿಗೆ ಹದಿನೆಂಟು. ಫ್ರಾಂಸ್ವಾಜಳಿಗೆ ದಾನಿಯೆಲ್ ಎರಡನೆಯ ಗಂಡನೆಂದೂ, ಆಂತ್ವಾನ್ ಬಾಬಿನ್ ಎಂಬುವನ ಹೆಂಡತಿ ಮಾರಿ ಮೆರ್ಸಿಯೆ ಅವಳ ಮೊದಲ ಸಂಸಾರದ ಮಗಳೆಂದೂ ವಿದ್ವಾಂಸರು ನಿರ್ಣಯಿಸಿದ್ದಾರೆ. ಗಣತಿಯಲ್ಲಿ ಇದೊಂದೂ ಇಲ್ಲ. ನೂರು ವರ್ಷದ ಅನಂತರದ ಮದುವೆಯ ಕಾಗದಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ತೆಗೆದ ಫಲ ಇದು. ಆ ಲೆಕ್ಕದ ಕ್ರಮವನ್ನು ಮುಂದೆ ಹೇಳುತ್ತೇನೆ, ಏಕೆಂದರೆ ನನ್ನ ಕೆಲಸವೂ ಕೊನೆಗೆ ಅದರಿಂದಲೇ ಆಯಿತು.

ಫ್ರಾನ್ಸಿನಲ್ಲಿ ದಾನಿಯೆಲ್‌ನ ಊರು ಯಾವುದು? ಮದಾಂ ಇದನ್ನು ಪದೇ ಪದೇ ಕೇಳುತ್ತಿದ್ದರು. ಜೆನೆವಿಯೆವ್ ಮಾಸಿನ್ಯೊ ಎಂಬ ಫ್ರೆಂಚ್ ಭಾಷಾವಿಜ್ಞಾನಿ ಅಕೇಡಿಯದವರ ಆಡುಮಾತನ್ನು ಅಧ್ಯಯನ ಮಾಡಿ ೧೯೬೨ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಶಬ್ದಗಳ ಜಾಡು ಹಿಡಿದು ಹೊರಟ ಆಕೆ ಪಶ್ಚಿಮ ಫ್ರಾನ್ಸಿನ ಲೂದಂ ಪಟ್ಟಣದ ಸುತ್ತಿನ ಹಳ್ಳಿಗಳನ್ನು ಮುಟ್ಟಿದರು. ಅಕೇಡಿಯದ ಅಧಿಪತಿಗಳಲ್ಲಿ ಒಬ್ಬನಾಗಿದ್ದ ದೋಲ್ನೆಯ ಮನೆತನದ ಜಹಗೀರು ಅಲ್ಲಿಯೇ ಇತ್ತು. ಮಾರ್ತೆಜೆ, ಲಾ ಶೊಸೆ ಎಂಬ ಆ ಹಳ್ಳಿಗಳ ಚರ್ಚಿನ ಕಡತಗಳಲ್ಲಿ ಅಕೇಡಿಯದ ಹಲವು ಕುಲನಾಮಗಳು ಕಂಡವು. ಇದು ಬಲವಾದ ಊಹೆ; ದಾನಿಯೆಲ್‌ನ ಮಟ್ಟಿಗೆ ಊಹೆಯಿಂದಾಚೆಗೆ ಯಾರೂ ಹೋಗಿಲ್ಲ. ಅವನ ಜ್ಞಾನಸ್ನಾನದ ದಾಖಲೆ ಸಿಕ್ಕಿಲ್ಲ. ಸಿಕ್ಕಿತೆಂದು ಹೇಳುವ ವಂಶಾವಳಿಗಳು ಬೇಕಾದಷ್ಟಿವೆ. ಮೂಲಪುರುಷನಿಗೊಂದು ಕೋಟೆ ಕೊತ್ತಲ ಕಟ್ಟಿಕೊಟ್ಟವರೂ ಇದ್ದಾರೆ. ನಾನು ಆ ಕಡೆಗೆ ಹೋಗಲಿಲ್ಲ. ರೈತನಾಗಿ ಬರೆಸಿಕೊಂಡವನನ್ನು ರೈತನಾಗಿಯೇ ಬಿಟ್ಟೆ.

ಅವನ ಮುಂದಿನ ಬಾಳು ಎರಡು ಕಡೆ ಮಿಂಚಿ ಮಾಯವಾಗುತ್ತದೆ. ೧೬೯೦ರಲ್ಲಿ ಬಾಸ್ಟನ್ನಿನಿಂದ ಬಂದ ವಿಲಿಯಂ ಫಿಪ್ಸ್ ಪೋರ್ಟ್ ರಾಯಲನ್ನು ಹಿಡಿದು, ಊರಿನ ಆಡಳಿತಕ್ಕೆಂದು ಒಂದು ಮಂಡಲಿಯನ್ನು ನೇಮಿಸಿದ. ಅದರ ಸದಸ್ಯರಲ್ಲಿ ದಾನಿಯೆಲ್ ಲೆಬ್ಲಾಂ ಒಬ್ಬ. ೧೬೯೫ರಲ್ಲಿ ಇಂಗ್ಲೆಂಡಿನ ದೊರೆಗೆ ನಿಷ್ಠೆಯ ಪ್ರಮಾಣ ಮಾಡಿದವರಲ್ಲಿಯೂ ಅವನಿದ್ದಾನೆ. ಫ್ರಾನ್ಸಿನಿಂದ ಬಂದವನು, ಎಪ್ಪತ್ತರ ಮುದುಕ, ಪರರಾಜನಿಗೆ ಕೈಯೆತ್ತಿ ಪ್ರಮಾಣ ಮಾಡಿದ. ಹೇಡಿತನವೆ? ಒಡ್ಡಿನ ಆಚೆ ಸಮುದ್ರ, ಈಚೆ ಗೋಧಿ—ಇದರ ನಡುವೆ ಬದುಕಿದವನಿಗೆ ರಾಜರು ಉಬ್ಬರವಿಳಿತದಂತೆ ಕಂಡಿದ್ದರೆ ಆಶ್ಚರ್ಯವಿಲ್ಲವೆಂದು ನನ್ನ ಭಾವನೆ. ೧೬೯೮ರ ಗಣತಿಯ ವೇಳೆಗೆ ಅವನಿಲ್ಲ. ಪೋರ್ಟ್ ರಾಯಲ್ ಚರ್ಚಿನ ಉಳಿದುಬಂದ ಕಡತಗಳು ೧೭೦೨ರಿಂದ ಆರಂಭವಾಗುತ್ತವೆ; ಆದ್ದರಿಂದ ಅವನ ಸಮಾಧಿಯ ದಾಖಲೆಯೂ ಇಲ್ಲ. ಅವುಗಳ ಪುಟಗಳನ್ನು ಈಗ ಗಣಕದ ತೆರೆಯ ಮೇಲೆ ಯಾರು ಬೇಕಾದರೂ ನೋಡಬಹುದು. ಹುಟ್ಟಿಗೂ ಕಾಗದವಿಲ್ಲ, ಸಾವಿಗೂ ಕಾಗದವಿಲ್ಲ. ನಡುವೆ ಹದಿನೆಂಟು ದನ, ಇಪ್ಪತ್ತಾರು ಕುರಿ.

ದಾನಿಯೆಲ್‌ನ ಮನೆತನದ ಮುಂದಿನ ಪೀಳಿಗೆಗಳು ಪೋರ್ಟ್ ರಾಯಲಿನಿಂದ ಕೊಲ್ಲಿಯ ಒಳಭಾಗದ ಮೀನಾಸ್ ಸೀಮೆಗೆ ಹರಡಿದುವು. ಅಲ್ಲಿಯ ಊರೇ ಗ್ರಾಂ ಪ್ರೆ, ಎಂದರೆ ದೊಡ್ಡ ಹುಲ್ಲುಗಾವಲು. ಲಾಂಗ್‌ಫೆಲೊ ಕಾವ್ಯದ ಊರು. ಅಲ್ಲಿ ಬಾಳಿದ ಇಬ್ಬರು ಮೊಮ್ಮಕ್ಕಳ ಮಾತನ್ನು ಹೇಳದೆ ಮುಂದೆ ಹೋಗಲಾರೆ. ಒಬ್ಬ ನಮ್ಮ ನೋಟರಿ ರೆನೆ. ಹೌದು, ಅವನು ಕವಿಯ ಕಲ್ಪನೆಯಲ್ಲ. ದಾನಿಯೆಲ್‌ನ ಮೊಮ್ಮಗ; ಬ್ರಿಟಿಷ್ ಸರ್ಕಾರದ ನಂಬಿಕೆಯ ನೋಟರಿ. ಇನ್ನೊಬ್ಬ ಅವನ ದಾಯಾದಿ ಜೋಸೆಫ್. ‘ಲ ಮೇಗ್ರ್’ ಎಂದು ಅವನಿಗೆ ಅಡ್ಡಹೆಸರು, ಸಣಕಲ ಎಂದರ್ಥ. ೧೭೪೪ರ ಯುದ್ಧದಲ್ಲಿ ಜೋಸೆಫ್ ಫ್ರೆಂಚರ ಕಡೆಗೆ ಒಲಿದ. ದಂಡಿಗೆ ದವಸ ದನ ಒದಗಿಸಿದ. ಬ್ರಿಟಿಷರ ಕೈಗೆ ಸಿಕ್ಕಿ ಸೆರೆಯನ್ನು ಅನುಭವಿಸಿ ಆಸ್ತಿಯನ್ನೆಲ್ಲ ಕಳೆದುಕೊಂಡ. ರೆನೆ ಬ್ರಿಟಿಷರಿಗೆ ನಿಷ್ಠನಾಗಿ ಉಳಿದ. ಅದಕ್ಕಾಗಿ, ಫ್ರೆಂಚರ ಕಡೆಗಿದ್ದ ಮಿಗ್‌ಮಾ ಜನರ ಕೈಗೆ ಸಿಕ್ಕಿ ನಾಲ್ಕು ವರ್ಷ ಸೆರೆಯಲ್ಲಿದ್ದನಂತೆ. ಒಬ್ಬ ಅಜ್ಜನ ಇಬ್ಬರು ಮೊಮ್ಮಕ್ಕಳು, ಇಬ್ಬರು ರಾಜರು.

೧೭೫೫ರಲ್ಲಿ ಈ ಭೇದವನ್ನು ಯಾರೂ ಕೇಳಲಿಲ್ಲ. ಸೆಪ್ಟೆಂಬರ್ ೫ರಂದು ಗ್ರಾಂ ಪ್ರೆಯ ಚರ್ಚಿಗೆ ಗಂಡಸರನ್ನೂ ಹುಡುಗರನ್ನೂ ಕರೆಸಿದರು, ೪೧೮ ಜನ ಬಂದರು, ಬಾಗಿಲು ಮುಚ್ಚಿತು. ಕರ್ನಲ್ ಜಾನ್ ವಿನ್ಸ್ಲೊ ರಾಜಾಜ್ಞೆಯನ್ನು ಓದಿದ: ನಿಮ್ಮ ಭೂಮಿ, ಮನೆ, ದನಕರು ಎಲ್ಲವೂ ದೊರೆಯ ವಶ; ನೀವು ಈ ಸೀಮೆಯನ್ನು ಬಿಡತಕ್ಕದ್ದು. ವಿನ್ಸ್ಲೊ ಅಚ್ಚುಕಟ್ಟಿನ ಮನುಷ್ಯ, ದಿನಚರಿ ಬರೆಯುತ್ತಿದ್ದ. ಅದರಲ್ಲಿ ಸೆರೆಯಾದವರ ಪಟ್ಟಿಯಿದೆ. ಯಜಮಾನನ ಹೆಸರು, ಗಂಡುಮಕ್ಕಳು, ಹೆಣ್ಣುಮಕ್ಕಳು, ಎತ್ತು, ಹಸು, ಕುರಿ, ಹಂದಿ. ಲೆಬ್ಲಾಂ, ಲೆಬ್ಲಾಂ, ಲೆಬ್ಲಾಂ ಎಂದು ಆ ಹೆಸರು ಮತ್ತೆ ಮತ್ತೆ ಬರುತ್ತದೆ. ನಾನು ಈ ಪಟ್ಟಿಯನ್ನು ೧೬೭೧ರ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದೆ. ಅದೇ ಕಲಮುಗಳು, ಅದೇ ಕ್ರಮ. ಎಂಬತ್ತನಾಲ್ಕು ವರ್ಷಗಳ ಹಿಂದೆ ತನ್ನ ದನಗಳ ಲೆಕ್ಕ ಕೊಡಲು ಒಪ್ಪದೆ ಹೊರಟುಹೋದ ರೊಬಿಶೊ ಆಗ ನನಗೆ ನಗೆಯ ಪಾತ್ರವಾಗಿ ಕಾಣಲಿಲ್ಲ.

ಆ ವರ್ಷ ಆರೇಳು ಸಾವಿರ ಜನರನ್ನು ಮ್ಯಾಸಚೂಸೆಟ್ಸಿನಿಂದ ಜಾರ್ಜಿಯದವರೆಗಿನ ವಸಾಹತುಗಳಿಗೆ ಸಾಗಿಸಿದರು. ವರ್ಜೀನಿಯ ಅವರನ್ನು ಒಲ್ಲೆನೆಂದು ಇಂಗ್ಲೆಂಡಿಗೆ ಅಟ್ಟಿತು. ನೋಟರಿ ರೆನೆಯನ್ನು ಹೆಂಡತಿ ಮತ್ತು ಇಬ್ಬರು ಕಿರಿಯ ಮಕ್ಕಳೊಡನೆ ನ್ಯೂಯಾರ್ಕಿನ ದಡದಲ್ಲಿ ಇಳಿಸಿದರು. ಉಳಿದವರು ಬೇರೆ ಬೇರೆ ಹಡಗುಗಳಲ್ಲಿ ಹೋಗಿದ್ದರು. ಅವನು ಹೇಗೋ ಫಿಲಡೆಲ್ಫಿಯವನ್ನು ತಲುಪಿ, ಅಲ್ಲಿ ಇನ್ನೂ ಮೂವರು ಮಕ್ಕಳನ್ನು ಕಂಡು, ಅಲ್ಲಿಯೇ ತೀರಿಕೊಂಡ. ಇದನ್ನು ಹೇಳುವುದು ಪೆನ್ಸಿಲ್ವೇನಿಯದಲ್ಲಿದ್ದ ಅಕೇಡಿಯದವರು ಇಂಗ್ಲೆಂಡಿನ ದೊರೆಗೆ ಬರೆದ ಒಂದು ಮನವಿಪತ್ರ. ನಿಮಗೆ ಇಷ್ಟು ನಿಷ್ಠನಾಗಿದ್ದವನಿಗೇ ಈ ಗತಿಯಾಯಿತಲ್ಲ ಎಂಬುದು ಅದರ ವಾದ. ಅವನಿಗೆ ಇಪ್ಪತ್ತು ಮಕ್ಕಳು, ಸುಮಾರು ನೂರೈವತ್ತು ಮೊಮ್ಮಕ್ಕಳು ಎಂಬ ಲೆಕ್ಕ ಅದರಲ್ಲಿಯೇ ಇದೆ. ಹ್ಯಾಲಿಬರ್ಟನ್ ಎಂಬಾತ ೧೮೨೯ರಲ್ಲಿ ಪ್ರಕಟಿಸಿದ ನೋವಾಸ್ಕೋಷಿಯದ ಚರಿತ್ರೆಯ ಮೂಲಕ ಅದು ಆ ಸೀಮೆಯನ್ನು ಕಣ್ಣಾರೆ ಕಾಣದ ಲಾಂಗ್‌ಫೆಲೊವನ್ನು ಮುಟ್ಟಿತು. ಕವಿ ಇಪ್ಪತ್ತನ್ನು ಹಾಗೆಯೇ ಇಟ್ಟುಕೊಂಡಿದ್ದಾನೆ. ಮೊಮ್ಮಕ್ಕಳ ವಿಷಯದಲ್ಲಿ ‘ನೂರಕ್ಕೂ ಹೆಚ್ಚು’ ಎಂದು ಹೇಳಿ ಸ್ವಲ್ಪ ಕಡಮೆಯೇ ಮಾಡಿದ್ದಾನೆ. ನಾನು ತರಗತಿಯಲ್ಲಿ ನಕ್ಕ ಅತಿಶಯೋಕ್ತಿ ಇದು!

ಜನ ಚೆದುರಿದಂತೆ ಅವರ ಕಾಗದಗಳೂ ಚೆದುರಿದುವು. ಗ್ರಾಂ ಪ್ರೆ ಚರ್ಚಿನ ಕಡತಗಳನ್ನು ದೇಶಭ್ರಷ್ಟರು ತಮ್ಮೊಡನೆ ಒಯ್ದರು. ಉಳಿದಷ್ಟು ಇಂದು ಇರುವುದು ಸಾವಿರಾರು ಮೈಲಿ ದಕ್ಷಿಣಕ್ಕೆ, ಲೂಯಿಸಿಯಾನದ ಬ್ಯಾಟನ್ ರೂಜ್‌ನ ಧರ್ಮಾಧ್ಯಕ್ಷರ ಭಂಡಾರದಲ್ಲಿ. ಹೆಚ್ಚೇನನ್ನೂ ಒಯ್ಯಲು ಅವಕಾಶವಿಲ್ಲದ ಜನ ತಮ್ಮ ಹುಟ್ಟು ಮದುವೆ ಸಾವುಗಳ ಪುಸ್ತಕವನ್ನು ಒಯ್ದಿದ್ದರು. ಇನ್ನು ಕೆಲವರಿಗೆ ಅದೂ ಇರಲಿಲ್ಲ. ಇಂಗ್ಲೆಂಡಿನ ಬಂದರುಗಳಲ್ಲಿ ವರ್ಷಗಟ್ಟಲೆ ಸೆರೆಯಿದ್ದು ೧೭೬೩ರಲ್ಲಿ ಫ್ರಾನ್ಸಿಗೆ ಬಂದ ಸಂಸಾರಗಳಲ್ಲಿ ಎಪ್ಪತ್ತೆಂಟನ್ನು ಬ್ರಿಟನಿ ಕರಾವಳಿಯ ಬೆಲ್ ಈಲ್ ಎಂಬ ದ್ವೀಪದಲ್ಲಿ ನೆಲೆಗೊಳಿಸಿದರು. ೧೭೬೭ರಲ್ಲಿ ಆ ಮನೆಗಳ ಯಜಮಾನರನ್ನು ಕರೆದು, ನಿಮ್ಮ ವಂಶವನ್ನು ನೆನಪಿನಿಂದ ಹೇಳಿರೆಂದು ಪ್ರಮಾಣಪೂರ್ವಕವಾಗಿ ಬರೆಸಿಕೊಂಡರು. ತಂದೆ, ತಾಯಿ, ಅಜ್ಜ, ಮುತ್ತಜ್ಜ, ಫ್ರಾನ್ಸಿನಿಂದ ಬಂದ ಮೊದಲಿಗ. ಅಣ್ಣ ಕರೊಲಿನದಲ್ಲಿ, ಅಕ್ಕ ಎಲ್ಲಿರುವಳೋ ತಿಳಿಯದು. ನಾನು ಅದನ್ನು ಓದುತ್ತಿದ್ದಾಗ ನನ್ನ ಬಾಲ್ಯದಲ್ಲಿ ಸುಗ್ಗಿಯ ಕಾಲಕ್ಕೆ ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬರುತ್ತಿದ್ದ ಹೆಳವನ ದನಿ ಕಿವಿಗೆ ಬಂದಂತಾಯಿತು. ಅವನೂ ಹೀಗೆಯೇ ಒಂದೇ ಉಸಿರಿನಲ್ಲಿ ಮೂಲಪುರುಷನವರೆಗೆ ಹೋಗುತ್ತಿದ್ದ. ಅಕೇಡಿಯದಲ್ಲಿ ಜನರನ್ನು ಕರೆಯುವ ರೂಢಿಯೂ ಹಾಗೆಯೇ—‘ಜಾಕ್‌ನ ಪಿಯರ್‌ನ ಜೋಸೆಫ್’ ಎಂಬಂತೆ ಅಜ್ಜನನ್ನು ಸೇರಿಸಿಯೇ ಕರೆಯುತ್ತಾರೆ. ಬೆಲ್ ಈಲ್‌ನ ಮುದುಕರು ಕೆಲವೆಡೆ ತಪ್ಪಿದ್ದಾರೆ. ಅಕೇಡಿಯದಲ್ಲಿ ಹುಟ್ಟಿದ ಅಜ್ಜಿಯನ್ನು ಫ್ರಾನ್ಸಿನಿಂದ ಬಂದವಳೆಂದಿದ್ದಾರೆ. ನೂರು ವರ್ಷಗಳ ನೆನಪಿನಲ್ಲಿ ಅಷ್ಟು ತಪ್ಪು ಕ್ಷಮ್ಯ. ಸಣಕಲ ಜೋಸೆಫ್ ತನ್ನ ಕೊನೆಯ ದಿನಗಳನ್ನು ಕಳೆದು ೧೭೭೨ರಲ್ಲಿ ತೀರಿಕೊಂಡದ್ದು ಆ ದ್ವೀಪದಲ್ಲಿಯೇ.

ಚೆದುರಿದ ಈ ಎಳೆಗಳನ್ನು ಮತ್ತೆ ಹೆಣೆಯುವುದಕ್ಕೆ ಬದುಕನ್ನೇ ಮುಡಿಪಿಟ್ಟವರಿದ್ದಾರೆ. ಪ್ಲಾಸಿಡ್ ಗೊದೆ ಎಂಬ ಶಾಲಾಮಾಸ್ತರ ಊರೂರು ತಿರುಗಿ ಕಡತಗಳನ್ನು ಕೈಯಾರೆ ನಕಲು ಮಾಡಿದ. ಮಾಂಕ್ಟನ್ ವಿಶ್ವವಿದ್ಯಾನಿಲಯದ ಅಕೇಡಿಯನ್ಅಧ್ಯಯನ ಕೇಂದ್ರದಲ್ಲಿ ದುಡಿದ ಸ್ಟೀಫನ್ ವೈಟ್ ೧೭೧೪ರವರೆಗಿನ ಮನೆತನಗಳ ನಿಘಂಟನ್ನು ೧೯೯೯ರಲ್ಲಿ ಹೊರತಂದರು. ನಿಘಂಟು ಎಂದರೆ ಸಾಲುಸಾಲಿಗೂ ಆಧಾರವನ್ನು ಕೊಡುವ ನಿಘಂಟು. ನಾನು ಆ ಚಳಿಗಾಲದಲ್ಲಿ ಹೋಗಿ ಕುಳಿತದ್ದು ಅಂಥ ಗ್ರಂಥಗಳ ನೆರಳಿನಲ್ಲಿ.

ಮದಾಂ ಅವರಿಂದ ಹಿಂದೆ ಹಿಂದೆ ಹೋದರೆ ಹದಿನೆಂಟನೆಯ ಶತಮಾನದ ಕೊನೆಯವರೆಗೆ ದಾರಿ ಸುಗಮ. ಅಲ್ಲಿ ಒಬ್ಬ ಜೋಸೆಫ್ ಲೆಬ್ಲಾಂ ನಿಂತಿದ್ದಾನೆ. ಮನೆಯವರು ಹೇಳುವ ಮೂಲಪುರುಷ ಅವನೇ. ಅವನ ತಂದೆಯ ಹೆಸರು ಪಿಯರ್. ಆದರೆ ಆ ಕಾಲದಲ್ಲಿ ಜೋಸೆಫರಿಗೂ ಪಿಯರರಿಗೂ ಲೆಕ್ಕವಿಲ್ಲ. ದಾನಿಯೆಲ್‌ನ ಎಲ್ಲ ಕವಲುಗಳಲ್ಲಿಯೂ ಅವೇ ನಾಲ್ಕಾರು ಹೆಸರುಗಳು ಸುತ್ತಿ ಸುತ್ತಿ ಬರುತ್ತವೆ. ಯಾವ ಪಿಯರ್‌ನ ಜೋಸೆಫ್? ನೋಟರಿಯ ಮಗನಾದ ಪಿಯರ್‌ನವನೋ, ಬೇರೆ ಕವಲಿನವನೋ? ಎರಡು ತಿಂಗಳು ಇಲ್ಲಿಯೇ ಸಿಕ್ಕಿಬಿದ್ದಿದ್ದೆ.

ದಾರಿ ತೋರಿಸಿದ್ದು ಜೋಸೆಫ್‌ನ ಮದುವೆಯ ದಾಖಲೆಯಲ್ಲಿದ್ದ ಅರ್ಧ ಸಾಲು. ನಮ್ಮಲ್ಲಿ ಸಗೋತ್ರ ವಿವಾಹ ನಿಷಿದ್ಧವಾಗಿರುವಂತೆ ಕ್ಯಾಥೊಲಿಕ್ ಧರ್ಮದಲ್ಲಿ ಆಗ ನಾಲ್ಕನೆಯ ಅಂತರದವರೆಗಿನ ರಕ್ತಸಂಬಂಧಿಗಳ ಮದುವೆ ನಿಷಿದ್ಧವಾಗಿತ್ತು. ಇಬ್ಬರಿಗೂ ಅಜ್ಜ ಒಬ್ಬನೇ ಆದರೆ ಎರಡನೆಯ ಅಂತರ, ಮುತ್ತಜ್ಜ ಒಬ್ಬನೇ ಆದರೆ ಮೂರನೆಯದು, ಅವನ ತಂದೆ ಒಬ್ಬನಾದರೆ ನಾಲ್ಕನೆಯದು. ಎಲ್ಲರೂ ಎಲ್ಲರಿಗೂ ನೆಂಟರಾದ ಅಕೇಡಿಯದಲ್ಲಿ ಈ ನಿಯಮವನ್ನು ಪಾಲಿಸಿದ್ದರೆ ಮದುವೆಗಳೇ ನಡೆಯುತ್ತಿರಲಿಲ್ಲ; ಆದ್ದರಿಂದ ಪಾದ್ರಿಗಳು ವಿನಾಯಿತಿ ಕೊಡುತ್ತಿದ್ದರು, ಎಷ್ಟನೆಯ ಅಂತರಕ್ಕೆಂದು ಬರೆಯುತ್ತಿದ್ದರು. ಕಳೆದುಹೋದ ಎಷ್ಟೋ ಸಂಬಂಧಗಳನ್ನು ಪಂಡಿತರು ಈ ಅರ್ಧ ಸಾಲುಗಳಿಂದ ಮತ್ತೆ ಕಟ್ಟಿದ್ದಾರೆ. ಫ್ರಾಂಸ್ವಾಜಳ ಮೊದಲ ಮದುವೆಯ ಕಥೆಯಲ್ಲಿ ನಾನು ಹೇಳಿದ್ದು ಇದನ್ನೇ. ಜೋಸೆಫ್‌ನ ಹೆಂಡತಿಯ ಕವಲು ನಿಶ್ಚಿತವಾಗಿತ್ತು. ಅವಳು ದಾನಿಯೆಲ್‌ನ ಹಿರಿಯ ಮಗ ಜಾಕ್‌ನ ಮರಿಮಗಳು. ಜೋಸೆಫ್ ನೋಟರಿಯ ಮೊಮ್ಮಗನಾಗಿದ್ದರೆ ಅವರಿಬ್ಬರಿಗೂ ಸಮಾನನಾದವನು ದಾನಿಯೆಲ್, ಎಂದರೆ ನಾಲ್ಕನೆಯ ಅಂತರ. ದಾಖಲೆಯಲ್ಲಿದ್ದದ್ದು ಮೂರನೆಯದು. ಮೂರನೆಯದಾಗಬೇಕಾದರೆ ಜೋಸೆಫ್‌ನೂ ಜಾಕ್‌ನ ಮರಿಮಗನೇ ಆಗಿರಬೇಕು. ತಾಯಿಯ ಕಡೆಯಿಂದ ಆ ನಂಟು ಬಂದಿರಬಹುದಲ್ಲವೆ ಎಂಬ ಶಂಕೆಯಿಂದ ಇನ್ನೂ ಮೂರು ವಾರ ಹುಡುಕಿದೆ. ತಾಯಿಯ ಎಳೆ ಆ ಕಡೆಗೆ ಹಾಯಲೇ ಇಲ್ಲ. ನಾನು ಹುಡುಕಿದ್ದು, ನಿಜ ಹೇಳಬೇಕೆಂದರೆ, ನೋಟರಿಯನ್ನು ಉಳಿಸಿಕೊಳ್ಳುವುದಕ್ಕಾಗಿಯೇ.

ಸುದ್ದಿಯನ್ನು ಹೇಳುವುದನ್ನು ಕೆಲವು ದಿನ ಮುಂದೂಡಿದೆ. ಸುಳ್ಳು ಹೇಳಿಬಿಡೋಣವೆಂದೂ ಅನ್ನಿಸಿತು. ಎಂಬತ್ತಾರರ ಮುದುಕಿ; ಗೋಡೆಯ ಮೇಲೆ ಆ ಚಿತ್ರ; ಮೂರನೆಯದನ್ನು ನಾಲ್ಕನೆಯದೆಂದು ಓದಿದರೆ ಯಾರಿಗೆ ನಷ್ಟ? ಆಕೆಯ ಮಗನೂ ನನ್ನನ್ನು ಬೇರೆಯಾಗಿ ಕಂಡು, ತಾಯಿಗೆ ಬೇಸರವಾಗದಂತೆ ನೋಡಿಕೊಳ್ಳಿರೆಂದು ಸೂಚಿಸಿದ್ದ. ಆದರೆ ಆಕೆ ಕೇಳಿದ್ದು ಕಾಗದದ ಮೇಲೆ ನೋಡಿ ಕೊಡಿ ಎಂದು. ಒಂದು ಭಾನುವಾರ ಕಾಗದಗಳನ್ನು ಹರಡಿ, ಅಂತರಗಳನ್ನು ಬೆರಳು ಮಡಿಸಿ ಎಣಿಸಿ ತೋರಿಸಿದೆ. ಮದಾಂ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ೧೬೭೧ರ ಪುಟದ ನಕಲನ್ನು ಹತ್ತಿರಕ್ಕೆ ಎಳೆದುಕೊಂಡು, “ಕುರಿಗಳು ಎಷ್ಟೆಂದಿರಿ?” ಎಂದು ಕೇಳಿದರು.

“ಇಪ್ಪತ್ತಾರು.”

“ಇಪ್ಪತ್ತಾರು ಕುರಿಯ ಉಣ್ಣೆ, ಆರು ಜನ ಗಂಡುಹುಡುಗರ ಕಾಲುಚೀಲ. ಈ ಫ್ರಾಂಸ್ವಾಜ್ ರಾತ್ರಿ ನಿದ್ದೆ ಮಾಡಿದ್ದಾಳೆಯೆ?” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅವರಿಗೆ ಐವರು ಗಂಡುಮಕ್ಕಳು.

ನಾನು ಊರಿಗೆ ಹೊರಡುವ ಮುನ್ನ ಹೇಳಿಬರಲು ಹೋದಾಗ, ಅವರ ಬೈಬಲಿನ ಮೊದಲ ಹಾಳೆಯಲ್ಲಿ ಹಳೆಯ ಬರಹವನ್ನು ಅಳಿಸದೆ, ಅದರ ಕೆಳಗೆ ನಡುಗುವ ಅಕ್ಷರಗಳಲ್ಲಿ ಹೊಸ ಸಾಲು ಬರೆದಿತ್ತು. ದಾನಿಯೆಲ್‌ನ ಹೆಸರಿಗಿಂತ ಮೊದಲು ಫ್ರಾಂಸ್ವಾಜ್ ಗೊದೆಯ ಹೆಸರಿತ್ತು. ನನ್ನ ಕಣ್ಣು ತಾನಾಗಿ ಗೋಡೆಯ ಕಡೆಗೆ ಹೋಯಿತು. ನೋಟರಿ ತನ್ನ ಗರಿಯ ಲೇಖನಿಯೊಡನೆ ಅಲ್ಲಿಯೇ ಇದ್ದ. ಮದಾಂ ಅದನ್ನು ಗಮನಿಸಿ, “ಅವನು ಅಲ್ಲಿಯೇ ಇರಲಿ. ನಮ್ಮ ಜಾಕ್‌ನ ಮಕ್ಕಳಿಗೆ ದಾಯಾದಿ ತಾನೆ? ಒಮ್ಮೆ ಮನೆಯಿಂದ ಹೊರಗೆ ಹಾಕಿಸಿಕೊಂಡವನು, ನಾನೂ ಹಾಕಲೆ?” ಎಂದರು.